ಜರ್ಮನಿ ನರ್ಸಿಂಗ್: ಹೊಲ ಮಾರೋ ಮುಂಚೆ ಈ ಲೆಕ್ಕ ನೋಡಿ

ಜರ್ಮನಿಯಲ್ಲಿ ನರ್ಸಿಂಗ್ ಕಲಿಯೋಕೆ ಫೀಸ್ ಇಲ್ಲ. ಉಲ್ಟಾ, ಅವರೇ ತಿಂಗಳಿಗಿಷ್ಟು ಅಂತ ಕೊಡ್ತಾರೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಔರಾದ್ ತಾಲೂಕಿನ ನಮ್ಮ ಕಾಕಾ, ಮಗಳ 'ಜರ್ಮನಿ ಸೀಟಿಗೆ' ಅಂತ ಎರಡು ಎಕರೆ ಸೋಯಾ ಹೊಲ ಮಾರೋಕೆ ಹೊರಟಿದ್ದರು. ಬೀದರ್‌ನ ಏಜೆಂಟ್ ಕೇಳಿದ್ದು ಆರು ಲಕ್ಷ. ಭಾಲ್ಕಿಯಲ್ಲಿ ಬೆಳೆದು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನಾನು ಮನೆಮಂದಿಗೆಲ್ಲ ಫಾರಿನ್ ಪಂಡಿತ, ಹಾಗಾಗಿ ವಿಷಯ ನನ್ನ ಹತ್ರ ಬಂತು.

ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ನರ್ಸಿಂಗ್ ಅಂದ್ರೆ ಯೂನಿವರ್ಸಿಟಿ ಡಿಗ್ರಿ. ವಿದೇಶಿ ವಿದ್ಯಾರ್ಥಿಗೆ ಫೀಸು, ಖರ್ಚು ಸೇರಿ ಮೂರು ವರ್ಷಕ್ಕೆ ಹತ್ತಾರು ಲಕ್ಷ. ಎರಡು ಎಕರೆಯಲ್ಲಿ ಮುಗಿಯೋ ಮಾತಲ್ಲ. ಜರ್ಮನಿಯಲ್ಲಿ ಅದು 'ಔಸ್‌ಬಿಲ್ಡುಂಗ್': ಆಸ್ಪತ್ರೆ ಜೊತೆ ಕರಾರು, ಕೆಲವು ವಾರ ಶಾಲೆ, ಕೆಲವು ವಾರ ವಾರ್ಡು. 2020ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಮೂರು ವರ್ಷದಲ್ಲಿ 2,100 ಗಂಟೆ ಪಾಠ, 2,500 ಗಂಟೆ ಆಸ್ಪತ್ರೆಯ ತರಬೇತಿ. ಸರ್ಕಾರಿ ವೇತನ ಒಪ್ಪಂದ ಪಾಲಿಸೋ ಆಸ್ಪತ್ರೆಗಳಲ್ಲಿ ಮೊದಲ ವರ್ಷವೇ ತಿಂಗಳಿಗೆ 1,300 ಯೂರೋ ದಾಟುತ್ತೆ. ವಿಮೆ, ಬಾಡಿಗೆ, ಊಟ ಕಳೆದ್ರೆ ಊರಿಗೆ ಕಳಿಸೋಕೆ ಹೆಚ್ಚೇನೂ ಉಳಿಯಲ್ಲ. ಆದ್ರೆ ಹೊಲ ಉಳಿಯುತ್ತೆ.

ಹಾಗಾದ್ರೆ ಆರು ಲಕ್ಷ ಯಾತಕ್ಕೆ? ಬಿಡಿಸಿ ಹೇಳಪ್ಪಾ ಅಂದ್ರೆ ಏಜೆಂಟ್ ಹೇಳಿದ್ದು "ಪ್ಯಾಕೇಜ್" ಅಂತ. ಸೀಟು ಕೊಡೋದು ಆಸ್ಪತ್ರೆ, ಅದೂ ಜರ್ಮನ್‌ನಲ್ಲೇ ಇಂಟರ್‌ವ್ಯೂ ಮಾಡಿ. ಕಾನೂನು ಕನಿಷ್ಠ ಬಿ1 ಮಟ್ಟದ ಭಾಷೆ ಕೇಳುತ್ತೆ, ಬಹಳಷ್ಟು ಆಸ್ಪತ್ರೆಗಳು ಬಿ2 ಕೇಳ್ತವೆ. ಇದನ್ನ ಯಾವ ಏಜೆಂಟೂ ಕೊಡಿಸೋಕಾಗಲ್ಲ. ಕ್ಲಾಸಿಗೆ ದುಡ್ಡು ಕೊಡಿ, ಅದು ನ್ಯಾಯ. ಆಸ್ಪತ್ರೆಯ ಹೆಸರಿರೋ ಕರಾರು ಕೈಗೆ ಬರೋ ಮುಂಚೆ 'ಸೀಟು' ಅಂತ ಒಂದು ರೂಪಾಯಿನೂ ಬೇಡ. ಮಾಹಿತಿಗೆ ಜರ್ಮನ್ ಸರ್ಕಾರದ್ದೇ 'ಮೇಕ್ ಇಟ್ ಇನ್ ಜರ್ಮನಿ' ತಾಣ ಇದೆ, ಬಿಟ್ಟಿಯಾಗಿ.

ಭಾಷೆ ಕಷ್ಟಾನೇ. ಸೊನ್ನೆಯಿಂದ ಬಿ2ಗೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಬಹುದು. ಆದ್ರೆ ನಮ್ಮ ಗಡಿ ಕಡೆಯವರಿಗೆ ಒಂದು ಲಾಭ ಇದೆ. ಜರ್ಮನ್‌ನಲ್ಲಿ ಕುರ್ಚಿ, ಚಮಚಕ್ಕೂ ಲಿಂಗ: ದೇರ್, ದೀ, ದಾಸ್. ಬರೀ ಕನ್ನಡ ಬಂದವರಿಗೆ ಇದು ತಲೆನೋವು. ಮರಾಠಿ ಆಡ್ತಾ ಬೆಳೆದ ಔರಾದ್ ಹುಡುಗಿ ನಕ್ಕುಬಿಟ್ಟಳು: "ಇದು ನಮ್ಮ ತೊ, ತೀ, ತೇ ಇದ್ದಂಗೇ ಅದ ಅಲ್ಲಣ್ಣಾ!" ಗಯಟೆ ಪರೀಕ್ಷೆಯಲ್ಲಿ ಬಿ1, ಬಿ2ಗೆ ಓದು, ಆಲಿಸು, ಬರೆ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ಬೇಕು. ಒಂದರಲ್ಲಿ ಹೋದ್ರೆ ಅದೊಂದನ್ನೇ ಮತ್ತೆ ಬರೀಬಹುದು.

ನಿಜವಾದ ಜಗ್ಗಾಟ ಆ ವರ್ಷದ್ದು. "ಮನ್ಯಾಗ ಕೂತು ಮೊಬೈಲ್ ನೋಡ್ತಾಳ, ಮಂದಿ ಸಂಬಂಧ ತರ್ತಾರ, ಏನ್ ಹೇಳ್ಲಿ?" ಅಂತ ಕಾಕಿ. ಇಲ್ಲೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮಾಡಿ, ಆಮೇಲೆ ಆ ಡಿಗ್ರಿಗೆ ಅಲ್ಲಿ ಮಾನ್ಯತೆ ಪಡೆಯೋ ದಾರಿಯೂ ಇದೆ. ಸರ್ಕಾರಿ ಸೀಟು ಸಿಕ್ಕಿದ್ರೆ ನಾನು ಅದನ್ನೇ ಹೇಳ್ತಿದ್ದೆ. ಸಿಗಲಿಲ್ಲ. ಖಾಸಗಿ ಫೀಸಿಗೆ ಮತ್ತೆ ಅದೇ ಹೊಲ! ಕೊನೆಗೆ ಕಾಕಾನೇ ಕಾಕಿಗೆ ಹೇಳಿದ್ರು, "ಬಿ1 ಆಗೋತನ ಸಂಬಂಧದ ಮಾತು ಬ್ಯಾಡ."

ಕಾಗದಪತ್ರದಲ್ಲಿ ಸಿಕ್ಕಿದ್ದು ಒಂದೇ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರು, ಆಧಾರ್‌ನಲ್ಲಿ ಮನೆತನದ ಅಡ್ಡಹೆಸರು. ಪಾಸ್‌ಪೋರ್ಟ್‌ಗೆ ಹಾಕೋ ಮುಂಚೆ ಆಧಾರ್ ಸರಿ ಮಾಡಿಸಿದ್ವಿ. ಕ್ಲಾಸು ಈಗ ಎ2ಗೆ ಬಂದಿದೆ.