ವಾರಕ್ಕೆ ಎಷ್ಟು ದಿನ ಭಾರ ಎತ್ತಬೇಕು?

ಪ್ರಶ್ನೆ: ಜಾತ್ರೆಯಲ್ಲಿ ಗುಂಡು ಎತ್ತುವ ಆಸೆಯಿಂದ ಕಸರತ್ತು ಶುರುಮಾಡಿದ್ದೇನೆ. ಅನುಭವ ಬಂದಂತೆ ದಿನ ಹೆಚ್ಚಿಸಬೇಕೇ?
– ಓದುಗರೊಬ್ಬರು, ಪಾಮನಕಲ್ಲೂರು

ಉತ್ತರ: ಹೆಚ್ಚಿಸಬಹುದು, ಅವಸರ ಬೇಡ. ಮೊದಲ ಕೆಲವು ತಿಂಗಳು ವಾರಕ್ಕೆ 2–3 ದಿನ, ಇಡೀ ಮೈಗೆ ಕಸರತ್ತು ಸಾಕು. ಸ್ನಾಯು ಬಲಿಯುವುದು ಎತ್ತಿದ ನಂತರದ ವಿಶ್ರಾಂತಿಯಲ್ಲಿ. ಅದಕ್ಕೆ ಸುಮಾರು 48 ಗಂಟೆ ಬಿಡುವು ಕೊಡಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೇಳಿದಂತೆ ಪಳಗಿದವರಿಗೆ 3–4 ದಿನ, ನುರಿತವರಿಗೆ 4–5 ದಿನ. ಆಗ ಮೈಯನ್ನು ಭಾಗ ಮಾಡಿಕೊಳ್ಳಬೇಕು: ಒಂದು ದಿನ ಕಾಲು, ಸೊಂಟ, ಮರುದಿನ ಎದೆ, ಭುಜ, ಬೆನ್ನು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನಮ್ಮ ಗುರುರಾಜ ಪೂಜಾರಿಯಂಥವರ ದಿನಚರಿಯನ್ನು ಹೊಸಬರು ಅನುಸರಿಸಬೇಡಿ. ಅದರ ಹಿಂದೆ ವರ್ಷಗಳ ತಯಾರಿಯಿದೆ. ಇನ್ನೊಂದು ಮಾತು: ಜೋಳದ ಚೀಲ ಹೊತ್ತ ದಿನವನ್ನೂ ಭಾರ ಎತ್ತಿದ ದಿನವೆಂದೇ ಎಣಿಸಿ.