ಮಗು ಮೊಂಡು ಹಿಡಿದಿಲ್ಲ, ಮಾತು ಹೊರಡುತ್ತಿಲ್ಲ

ಮನೆಯಲ್ಲಿ ಅಣ್ಣನ ಜೊತೆ ಜಗಳ ಆಡುತ್ತೆ, ಫೋನಲ್ಲಿ ಅಜ್ಜಿಗೆ ಇಡೀ ದಿನದ ವರದಿ ಒಪ್ಪಿಸುತ್ತೆ. ಅದೇ ಮಗು ಶಾಲೆಯ ಗೇಟು ದಾಟಿದರೆ ತುಟಿ ಬಿಚ್ಚೋದಿಲ್ಲ. ಹಾಜರಿ ಕೂಗಿದರೆ ‘ಎಸ್ ಮಿಸ್’ ಇಲ್ಲ, ಟಾಯ್ಲೆಟ್‌ಗೆ ಹೋಗಬೇಕಾದರೂ ಕೇಳೋದಿಲ್ಲ. ಟೀಚರ್ ‘ಮೊಂಡು’ ಅಂತಾರೆ, ನೆಂಟರು ‘ನಾಚಿಕೆ’ ಅಂತಾರೆ.

ಇದರ ಹೆಸರು ಸೆಲೆಕ್ಟಿವ್ ಮ್ಯೂಟಿಸಂ. ಸಾಮಾನ್ಯವಾಗಿ ಐದು ವರ್ಷದೊಳಗೇ ಶುರುವಾದರೂ, ಬೆಳಕಿಗೆ ಬರುವುದು ಶಾಲೆಗೆ ಸೇರಿದ ಮೇಲೆ. 1877ರಲ್ಲಿ ಜರ್ಮನ್ ವೈದ್ಯ ಅಡಾಲ್ಫ್ ಕುಸ್‌ಮೌಲ್ ಇದಕ್ಕೆ ‘ಬೇಕಂತಲೇ ಮಾತು ಬಿಡುವುದು’ ಎಂಬ ಅರ್ಥದ ಹೆಸರಿಟ್ಟಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಆತಂಕದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂದರೆ ಇದು ಹಟ ಅಲ್ಲ. ಭಯಕ್ಕೆ ಗಂಟಲು ಕಟ್ಟುತ್ತಿದೆ.

ಬೆಂಗಳೂರಿನ ಅಂಚಿನಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಪೀಣ್ಯದ ಕಾರ್ಖಾನೆಗೆ ರಾಯಚೂರು, ಕಲಬುರಗಿಯಿಂದ ಬಂದವರು, ವೈಟ್‌ಫೀಲ್ಡ್‌ನ ಕಟ್ಟಡ ಕೆಲಸಕ್ಕೆ ಒಡಿಶಾ, ಬಂಗಾಳದಿಂದ ಬಂದವರು, ಎಲೆಕ್ಟ್ರಾನಿಕ್ ಸಿಟಿಯ ತೆಲುಗು, ಹಿಂದಿ ಮನೆಗಳ ಟೆಕ್ಕಿಗಳು. ಇವರ ಮಕ್ಕಳಿಗೆ ಮನೆಯ ಭಾಷೆ ಒಂದು, ಬೀದಿಯದು ಒಂದು, ತರಗತಿಯದು ಮತ್ತೊಂದು. ಹೊಸ ಭಾಷೆಗೆ ಬಿದ್ದ ಮಗು ಕೆಲವು ಕಾಲ ಸುಮ್ಮನಿರೋದು ಸಹಜ. ಹಾಗಾಗಿ ಶಾಲೆ ಸೇರಿದ ಮೊದಲ ತಿಂಗಳನ್ನು ವೈದ್ಯರು ಲೆಕ್ಕಕ್ಕೆ ಹಿಡಿಯೋದಿಲ್ಲ. ಆದರೆ ಆಮೇಲೂ, ತನ್ನದೇ ಭಾಷೆಯ ಗೆಳೆಯರ ಜೊತೆಗೂ ಶಾಲೆಯಲ್ಲಿ ಮಾತಿಲ್ಲ ಅಂದರೆ ಸಮಸ್ಯೆ ಬರೀ ಭಾಷೆಯದಲ್ಲ.

ಇಲ್ಲಿ ಎರಡು ತಪ್ಪು ಸಲಹೆಗಳು ಸಿಗುತ್ತವೆ. ‘ಭಾಷೆ ಬಂದ್ರೆ ಸರಿಹೋಗುತ್ತೆ’ ಅನ್ನೋದು ವರ್ಷಗಳನ್ನು ನುಂಗುತ್ತೆ. ‘ಮನೇಲೂ ಇಂಗ್ಲಿಷೇ ಮಾತಾಡಿ’ ಅನ್ನೋದು ಮಗು ನಿರಾಳವಾಗಿ ಮಾತಾಡುವ ಒಂದೇ ಜಾಗವನ್ನೂ ಕಿತ್ತುಕೊಳ್ಳುತ್ತೆ.

ಹಾಗಾದ್ರೆ ಮಾಡಬೇಕಾದ್ದೇನು? ಮೊದಲು ಒತ್ತಾಯ ನಿಲ್ಲಬೇಕು. ‘ಒಂದು ಮಾತಾಡು, ಚಾಕ್ಲೇಟ್ ಕೊಡ್ತೀನಿ’ ಅನ್ನೋದೂ ಒತ್ತಾಯವೇ. ತಲೆಯಾಡಿಸಿದರೆ, ಬೆರಳು ತೋರಿಸಿದರೆ ಅದನ್ನೇ ಉತ್ತರ ಅಂತ ಒಪ್ಪಿಕೊಳ್ಳಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗಬೇಕು: ಖಾಲಿ ತರಗತಿಯಲ್ಲಿ ಅಮ್ಮನ ಜೊತೆ ಆಟ, ಮಾತು; ದೂರದಲ್ಲಿ ಟೀಚರ್; ಕೆಲವು ದಿನದ ಮೇಲೆ ಟೀಚರ್ ಹತ್ತಿರ ಬಂದು ಆಟಕ್ಕೆ ಸೇರುವುದು; ಅಮ್ಮ ನಿಧಾನಕ್ಕೆ ಹೊರಗೆ; ನಂತರ ಒಬ್ಬ ಗೆಳತಿ. ಪಾಠ ಓದುವುದನ್ನು ಮನೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಬಹುದು. ಮೊದಲ ಪದ ಬಂದಾಗ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಬೇಡಿ. ಎಲ್ಲರ ಕಣ್ಣು ತನ್ನ ಮೇಲೆ ಬೀಳೋದೇ ಆ ಮಗುವಿನ ಭಯ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಆದರೆ ಶಿಫ್ಟ್ ತಪ್ಪಿಸಿದರೆ ಕೂಲಿ ಕಳೆದುಕೊಳ್ಳುವ ಅಮ್ಮ ಎಷ್ಟು ಸಲ ಆಸ್ಪತ್ರೆಗೆ ಹೋಗಲು ಸಾಧ್ಯ? ಹಾಗಾಗಿ ಹೆಚ್ಚಿನ ಕೆಲಸ ಶಾಲೆಯಲ್ಲೇ ಆಗಬೇಕು.

ಇದು ಶಾಲೆ ಮಾಡುವ ಉಪಕಾರವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಿ, ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಅನ್ನುತ್ತದೆ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಾತು ಬರಲಿ ಅಂತ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ ಅವಮಾನಿಸುವುದು ಶಿಸ್ತಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಸಮವಸ್ತ್ರದ ಜೊತೆಗೆ ಇದನ್ನೂ ಕೇಳಿ: ನಮ್ಮ ಶಾಲೆಯಲ್ಲಿ ಮಾತಾಡದ ಮಕ್ಕಳು ಯಾರಿದ್ದಾರೆ, ಅವರಿಗೆ ನಾವೇನು ಮಾಡ್ತಿದ್ದೀವಿ? ಗಲಾಟೆ ಮಾಡದ ಮಗುವಿನ ಪರವಾಗಿ ಯಾರಾದರೂ ಗಲಾಟೆ ಮಾಡಲೇಬೇಕು.