ಸ್ಪೋರ್ಟ್ಸ್ ಕೂಪೆಗೆ ಡೀಸೆಲ್ ಎಂಜಿನ್ ಒಪ್ಪುತ್ತಾ?

ನೋಡೋಕೆ ಪಕ್ಕಾ ಸ್ಪೋರ್ಟ್ಸ್ ಕಾರು, ಬಾನೆಟ್ ಕೆಳಗೆ ಡೀಸೆಲ್ ಎಂಜಿನ್! ಈ ಜೋಡಿ ಸರಿಹೋಗುತ್ತಾ?

2006ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದದ್ದು ಆಡಿ ಆರ್10. ಆ ರೇಸ್ ಗೆದ್ದ ಮೊದಲ ಡೀಸೆಲ್ ಕಾರು ಅದೇ. ಎರಡು ವರ್ಷದ ನಂತರ ಆಡಿ ತನ್ನ ಟಿಟಿ ಕೂಪೆಗೂ 2 ಲೀಟರ್ ಡೀಸೆಲ್ ಎಂಜಿನ್ ಕೂರಿಸಿತು.

ಈಗ ಲೆಕ್ಕ ನೋಡಿ. ಆಗಿನ ಟಿಟಿಯ 2 ಲೀಟರ್ ಟರ್ಬೊ ಪೆಟ್ರೋಲ್‌ಗೆ 200 ಪಿಎಸ್ ಪವರ್, 280 ಎನ್‌ಎಂ ಟಾರ್ಕ್. ಡೀಸೆಲ್‌ಗೆ ಪವರ್ 170 ಮಾತ್ರ, ಆದರೆ ಟಾರ್ಕ್ 350! ಅದೂ 1,750 ಆರ್‌ಪಿಎಂನಲ್ಲೇ ಸಿಗುತ್ತಿತ್ತು. ಹಾಗಾಗಿ ಹೈವೇಯಲ್ಲಿ ಓವರ್‌ಟೇಕ್ ಮಾಡಲು ಪದೇಪದೇ ಗೇರ್ ಇಳಿಸಬೇಕಿರಲಿಲ್ಲ. ಕಂಪನಿ ಹೇಳಿದ ಮೈಲೇಜ್ ಲೀಟರಿಗೆ ಸುಮಾರು 19 ಕಿಲೋಮೀಟರ್.

ಹಾಗಾದರೆ ಕೊರತೆ ಏನು? ಹೆಚ್ಚಿನ ಒತ್ತಡ ತಡೆಯಲು ಡೀಸೆಲ್ ಎಂಜಿನ್‌ನ ಭಾಗಗಳು ಗಟ್ಟಿಯಾಗಿರಬೇಕು, ಅದಕ್ಕೇ ಭಾರ ಜಾಸ್ತಿ. ಮುಂಭಾಗ ಭಾರವಾದರೆ ತಿರುವಿನಲ್ಲಿ ಚುರುಕು ಕಡಿಮೆ. ಪೆಟ್ರೋಲ್ 6,000 ಆರ್‌ಪಿಎಂವರೆಗೂ ಹುಮ್ಮಸ್ಸಿನಿಂದ ಏರುತ್ತೆ. ಡೀಸೆಲ್ ಅದಕ್ಕೂ ಬಹಳ ಮೊದಲೇ ಸುಸ್ತಾಗುತ್ತೆ.

ಕೊನೇ ಮಾತು: ಹೈವೇಯಲ್ಲೇ ಹೆಚ್ಚು ಓಡಾಡುವವರಿಗೆ ಡೀಸೆಲ್ ಕೂಪೆ ಜಾಣ ಆಯ್ಕೆ. ಘಾಟಿ ತಿರುವು, ಎಂಜಿನ್ ಸದ್ದೇ ನಿಮ್ಮ ಖುಷಿಯಾದರೆ ಪೆಟ್ರೋಲನ್ನೇ ಆರಿಸಿ.